ಹೆಸರಿನ ಕೊನೆಗೊಂದು ಚುಕ್ಕೆ

ಹೊಸ ಶತಮಾನ ಹುಟ್ಟಿ ಎರಡು ವರ್ಷವಾಗಿತ್ತು. ಆ ವಸಂತದಲ್ಲಿ ನನ್ನ ಬದುಕಿಗೆ ಇಬ್ಬರು ಇನ್‌ಸ್ಪೆಕ್ಟರುಗಳು ಹದಿನೈದು ದಿನದ ಅಂತರದಲ್ಲಿ ಬಂದಿಳಿದರು. ಒಬ್ಬರು ಮೈಸೂರಿನಿಂದ ಬಂದ ನನ್ನ ಅತ್ತೆ. ಇನ್ನೊಂದು, ಆಫೀಸಿಗೆ ಸಿ.ಡಿ.ಯಲ್ಲಿ ಬಂದ ಪ್ರೋಗ್ರಾಂ. ಇಬ್ಬರಿಗೂ ನನ್ನ ಕೆಲಸದಲ್ಲಿ ತಪ್ಪು ಹುಡುಕುವುದೇ ಕಸುಬು, ಹುಡುಕಿದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವುದೇ ಅಭ್ಯಾಸ. ಅತ್ತೆಗೆ ಆರು ತಿಂಗಳ ವೀಸಾ, ಪ್ರೋಗ್ರಾಮಿಗೆ ಒಂದು ವರ್ಷದ ಲೈಸೆನ್ಸ್.

ನಾನು ಧಾರವಾಡದವಳು. ತೊಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಲಂಡನ್ನಿಗೆ ಬಂದೆ. ಗಂಡ ಮೈಸೂರಿನವರು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಅವರ ಮನೆಯವರು ನನ್ನ ಕನ್ನಡ ಕೇಳಿ ನಕ್ಕರು, ನಮ್ಮ ಮನೆಯವರು ಅವರ ಕನ್ನಡ ಕೇಳಿ ನಕ್ಕರು, ಅಲ್ಲಿಗೆ ಸಮಸಮ ಆಯಿತು. ಮನೆ ಮಾಡಿದ್ದು ಸಟನ್ನಿನಲ್ಲಿ. ಕೆಲಸ ಸಿಕ್ಕಿದ್ದು ಊರಿನ ಇನ್ನೊಂದು ತುದಿಯ ಗ್ರೀನ್‌ಫರ್ಡ್‌ನಲ್ಲಿ. ದಿನಾ ಬೆಳಿಗ್ಗೆ ಒಂದು ಟ್ರೇನು, ನೆಲದಡಿಯ ಎರಡು ಟ್ಯೂಬು ರೈಲು ಬದಲಿಸಿ, ಗೋದಾಮುಗಳ ನಡುವೆ ನಡೆದು ಆಫೀಸು ಸೇರುವಷ್ಟರಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಎರಡು ಸಲ ಹೋಗಿ ಬರಬಹುದಿತ್ತು.

ನಮ್ಮದು ಎಂಟು ಜನರ ಸಣ್ಣ ಕಂಪನಿ. ಆಸ್ಪತ್ರೆಯಲ್ಲಿ ರೋಗಿಯ ಕೈಗೆ ಕಟ್ಟುವ ಪಟ್ಟಿ ಇರುತ್ತದಲ್ಲ, ಹೆಸರು, ಹುಟ್ಟಿದ ದಿನ, ವಾರ್ಡು ಬರೆದದ್ದು, ಅದನ್ನು ಅಚ್ಚು ಹಾಕುವ ಯಂತ್ರ ನಮ್ಮದು. ಯಂತ್ರದ ಒಳಗಿನ ಪ್ರೋಗ್ರಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಬರೆದದ್ದು. ಒಂಬತ್ತು ವರ್ಷ ಬರೆದಿದ್ದೆ. ಆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಕ್ ತಂದಿರಲಿಲ್ಲ.

ಕೇಕಿನ ವಿಷಯ ಹೇಳಬೇಕು. ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ. ಯಾರ ಪ್ರೋಗ್ರಾಮಿನಲ್ಲಿ ನಿಜವಾದ ತಪ್ಪು ಸಿಕ್ಕುತ್ತದೋ ಅವರು ಶುಕ್ರವಾರದ ಟೀಗೆ ಎಲ್ಲರಿಗೂ ಕೇಕ್ ತರಬೇಕು. ಯಾರೂ ಬೈಯುವುದಿಲ್ಲ, ಯಾರೂ ಏನೂ ಅನ್ನುವುದಿಲ್ಲ, ಸುಮ್ಮನೆ ತಿನ್ನುತ್ತಾರೆ. ಇಂಗ್ಲಿಷಿನವರು ಮರ್ಯಾದೆ ತೆಗೆಯುವ ಕ್ರಮವೇ ಹಾಗೆ. ಅವರ ಕೇಕನ್ನೆಲ್ಲ ನಾನು ಸಂತೋಷದಿಂದ ತಿಂದೆ. ನನ್ನ ಸರದಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸೊಕ್ಕು ಎನ್ನಿ, ನಾನು ಇಲ್ಲ ಅನ್ನುವುದಿಲ್ಲ.

ಆ ವರ್ಷ ಹೊಸ ಮಾದರಿಯ ಯಂತ್ರ ಬಿಡುವುದಿತ್ತು. ಪಟ್ಟಿಯ ಮೇಲೆ ಹೆಸರಿನ ಕೆಳಗೆ 'ಅಲರ್ಜಿ' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗುವ ಹೊಸ ಸೌಲಭ್ಯ ಅದರಲ್ಲಿತ್ತು. ಔಷಧಿ ಒಗ್ಗದ ರೋಗಿಯ ಕೈ ನೋಡಿದ ತಕ್ಷಣ ನರ್ಸಿಗೆ ತಿಳಿಯಬೇಕು ಎಂಬುದು ಉದ್ದೇಶ. ಆಸ್ಪತ್ರೆಯವರು ಒಂದು ಷರತ್ತು ಹಾಕಿದರು. ಪ್ರೋಗ್ರಾಮನ್ನು ಓಡಿಸಿ ನೋಡಿದರೆ ಸಾಲದು, ಓಡಿಸದೆ ಬರೀ ಓದಿ ತಪ್ಪು ಹುಡುಕುವ ಉಪಕರಣದಿಂದಲೂ ಪರೀಕ್ಷೆ ಮಾಡಿಸಿ ಎಂದರು. ಹಾಗೆ ಬಂತು ಆ ಸಿ.ಡಿ.

ಅದು ಹುಡುಕುವುದು ಮುಖ್ಯವಾಗಿ ಒಂದು ಬಗೆಯ ತಪ್ಪನ್ನು. ಸಿ ಭಾಷೆಯಲ್ಲಿ ಒಂದು ಹೆಸರನ್ನು ಇಡಬೇಕಾದರೆ ಇಂತಿಷ್ಟು ಮನೆ ಎಂದು ಮೊದಲೇ ಜಾಗ ಹಿಡಿದಿಡಬೇಕು. ಮನೆಗೊಂದು ಅಕ್ಷರ. ಬಂದದ್ದು ಆ ಜಾಗಕ್ಕಿಂತ ಉದ್ದವಾಗಿದ್ದರೆ ಸಿ ತಡೆಯುವುದಿಲ್ಲ, ಕೇಳುವುದೂ ಇಲ್ಲ. ಪಕ್ಕದ ಮನೆಯಲ್ಲಿ ಇದ್ದದ್ದನ್ನು ಅಳಿಸಿ ಅಲ್ಲೇ ಬರೆದುಕೊಂಡು ಹೋಗುತ್ತದೆ. ಇದಕ್ಕೆ ಬಫರ್ ಓವರ್‌ಫ್ಲೋ ಎನ್ನುತ್ತಾರೆ. ಯಂತ್ರ ನಿಲ್ಲುವುದಿಲ್ಲ, ಗಂಟೆ ಹೊಡೆಯುವುದಿಲ್ಲ. ಪಕ್ಕದ ಮನೆಯವರು ಕಾಣೆಯಾಗಿರುತ್ತಾರೆ, ಅಷ್ಟೆ.

ಉಪಕರಣವನ್ನು ನಡೆಸುವ ಕೆಲಸ ನಮ್ಮಲ್ಲಿ ಎಲ್ಲರಿಗಿಂತ ಹಿರಿಯನಾದ ಇಂಗ್ಲಿಷ್ ಸಹೋದ್ಯೋಗಿಗೆ ಬಿತ್ತು. ಟೀ ನೀರಿನ ಕೆಟಲ್ ಕುದಿಯುವ ತನಕ ಯಾವ ವಿಷಯಕ್ಕೂ ಅಭಿಪ್ರಾಯ ಕೊಡದ ಮನುಷ್ಯ. ಮೊದಲ ದಿನ ಅದು ಉಗುಳಿದ ಎಚ್ಚರಿಕೆಗಳನ್ನು ಆತ ಅಚ್ಚು ಹಾಕಿ ಮೇಜಿನ ಮೇಲಿಟ್ಟ. ನನ್ನ ಪಾಲಿನ ಕಾಗದವೇ ಒಂದು ಹಳೇ ಪಂಚಾಂಗದಷ್ಟು ದಪ್ಪ ಇತ್ತು. ಪ್ರತಿ ಎಚ್ಚರಿಕೆಗೂ ಎರಡೇ ದಾರಿ. ನಿಜವಾದ ತಪ್ಪಾಗಿದ್ದರೆ ತಿದ್ದಬೇಕು. ಇಲ್ಲವಾದರೆ ಆ ಸಾಲಿನ ಪಕ್ಕ 'ನೋಡಿದೆ, ಸರಿಯಿದೆ' ಎಂದು ಒಂದು ಷರಾ ಬರೆದು ಇನಿಷಿಯಲ್ ಹಾಕಬೇಕು. ಷರಾ ಕಂಡರೆ ಉಪಕರಣ ಮತ್ತೆ ಆ ಸಾಲಿನ ತಂಟೆಗೆ ಬರುವುದಿಲ್ಲ.

ಮೊದಲ ಹತ್ತನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಹತ್ತೂ ಸುಳ್ಳು. ಆಮೇಲಿನ ಹತ್ತೂ ಸುಳ್ಳು. ಅಷ್ಟಾದ ಮೇಲೆ ಕೈಗೆ ವೇಗ ಬಂತು. ಒಟ್ಟು ಅರವತ್ತಮೂರು ಸಾಲುಗಳಿಗೆ 'ನೋಡಿದೆ, ಸರಿಯಿದೆ' ಬರೆದೆ. ಅದರಲ್ಲೊಂದು ರೋಗಿಯ ಹೆಸರಿನ ಸಾಲು. ಹೆಸರಿಗೆ ಮೂವತ್ತೆರಡು ಮನೆ ಇಟ್ಟಿದ್ದೆ. ಮೂವತ್ತೆರಡು ಅಕ್ಷರದವರೆಗಿನ ಹೆಸರನ್ನು ಒಳಗೆ ಬಿಡು, ಅದಕ್ಕಿಂತ ಉದ್ದವಿದ್ದರೆ ಕತ್ತರಿಸು ಎಂದು ಮೇಲೊಂದು ಕಾವಲಿನ ಸಾಲನ್ನೂ ಬರೆದಿದ್ದೆ. ಆದರೂ ಉಪಕರಣ, ಇಲ್ಲಿ ಮೂವತ್ತೆರಡು ಮನೆಗೆ ಮೂವತ್ತಮೂರು ಹೋಗಬಹುದು ಎಂದು ಗೊಣಗಿತು. ಒಂದು, ಎರಡು ಎಣಿಸಲೂ ಬಾರದ ಈ ಪೆದ್ದನನ್ನು ಕೊಂಡು ತಂದಿದ್ದಾರಲ್ಲ ಎಂದು ನಾನು ಜೋರಾಗಿಯೇ ನಕ್ಕೆ. ಹಿರಿಯ ಸಹೋದ್ಯೋಗಿ ಟೀ ಹೀರುತ್ತಾ, "ನೀನು ನೋಡಿದ್ದೀಯಲ್ಲ, ಹಾಗಿದ್ದರೆ ಸರಿ" ಎಂದ. ಆತನಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಮನೆಯ ಇನ್‌ಸ್ಪೆಕ್ಟರ್ ಇಷ್ಟು ಸುಲಭಕ್ಕೆ ಬಗ್ಗುವವರಲ್ಲ. ಅತ್ತೆ ಮೈಸೂರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಸಟನ್ನಿನ ನಮ್ಮ ಮನೆಯಲ್ಲಿ ಹಾಲಿನವನಿಗೆ ಬರೆದಿಟ್ಟ ಚೀಟಿಯನ್ನೂ ತಿದ್ದಿದರು. ಕೌನ್ಸಿಲ್‌ನಿಂದ ಬಂದ ಕಾಗದದಲ್ಲಿ ಒಂದು ಕಾಮಾ ತಪ್ಪಿದೆ ಎಂದು ಗಂಡನಿಗೆ ತೋರಿಸಿದರು. ನನ್ನ ರೊಟ್ಟಿಯಲ್ಲಿ ಮಾತ್ರ ತಪ್ಪು ತೆಗೆಯಲಿಲ್ಲ. ಎರಡು ತಿಂದು, "ಗಟ್ಟಿಯಾಗಿದೆ, ಒಳ್ಳೇದು, ಹಲ್ಲಿಗೆ ವ್ಯಾಯಾಮ" ಎಂದರು.

ಒಂದು ವಿಷಯದಲ್ಲಿ ಮಾತ್ರ ಗಂಡ ತಾಯಿಯ ಹಿಂದೆಯೇ ಇರುತ್ತಿದ್ದರು. ಅತ್ತೆಗೆ ಪೆನಿಸಿಲಿನ್ ಆಗುವುದಿಲ್ಲ. ಬಹಳ ಹಿಂದೆ ಒಂದು ಇಂಜೆಕ್ಷನ್ನಿಗೆ ಗಂಟಲು ಬಿಗಿದು, ಮುಖ ಊದಿ, ಹೋದೇ ಬಿಟ್ಟರು ಅನ್ನುವ ಹಾಗಾಗಿತ್ತಂತೆ. ಆಗ ಗಂಡನಿಗೆ ಒಂಬತ್ತು ವರ್ಷ. ಅವರು ಡಾಕ್ಟರಾದದ್ದೇ ಆ ದಿನದಿಂದ ಎಂದು ನನ್ನ ಅನಿಸಿಕೆ, ಅವರು ಒಪ್ಪುವುದಿಲ್ಲ.

ಏಪ್ರಿಲ್ ಥಂಡಿಗೆ ಅತ್ತೆಗೆ ಕೆಮ್ಮು ಹಿಡಿಯಿತು. ಗಂಡನಿಗೆ ಡ್ಯೂಟಿ ಇದ್ದದ್ದರಿಂದ ಒಂದು ಶುಕ್ರವಾರ ನಾನು ರಜೆ ಹಾಕಿ ನಮ್ಮ ಬಡಾವಣೆಯ ಡಾಕ್ಟರು, ಜಿಪಿ ಹತ್ತಿರ ಕರೆದುಕೊಂಡು ಹೋದೆ. ರಿಸೆಪ್ಷನಿಸ್ಟ್ ಒಂದು ಫಾರಂ ಕೊಟ್ಟಳು. ನಾನು ತುಂಬುತ್ತೇನೆ ಎಂದು ಕೈ ಚಾಚಿದೆ. ಅತ್ತೆ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ತಮ್ಮ ಇಂಕ್ ಪೆನ್ ತೆಗೆದರು.

ಅತ್ತೆ ಯಾವ ಕಾಗದವನ್ನೂ ಕೊನೆಯಿಂದ ಮೊದಲಿಗೆ ಬರೆಯುವವರು. ಮೊದಲು ವಿಳಾಸ, ಹುಟ್ಟಿದ ದಿನ. ಆಮೇಲೆ, ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂಬ ಚೌಕದಲ್ಲಿ ಒಂದು ಸರಿ ಗುರುತು ಹಾಕಿದರು. ಕೊನೆಗೆ ಹೆಸರು. ಒಂದು ಅಕ್ಷರಕ್ಕೆ ಒಂದು ಚೌಕ. ಅವರ ಹೆಸರೆಂದರೆ ಊರು, ಮಾವನವರ ಹೆಸರು, ಆಮೇಲೆ ಅವರದ್ದು. ಪಾಸ್‌ಪೋರ್ಟಿನಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ, ಹಾಗಾಗಿ ಒಂದಕ್ಷರ ಬಿಡುವ ಹಾಗಿಲ್ಲ. ಬಲತುದಿಯ ಕೊನೆಯ ಚೌಕಕ್ಕೆ ಕೊನೆಯ ಅಕ್ಷರ ಸರಿಯಾಗಿ ಬಂದು ಕೂತಿತು. ನನಗೂ ಒಂಥರಾ ಸಮಾಧಾನವಾಯಿತು. ಅಷ್ಟರಲ್ಲಿ ಅತ್ತೆ ಪೆನ್ನನ್ನು ಇನ್ನೊಂದು ಚೌಕ ಮುಂದೆ ಸರಿಸಿ, ಒತ್ತಿ, ಒಂದು ದಪ್ಪ ಫುಲ್‌ಸ್ಟಾಪ್ ಇಟ್ಟರು.

ಹೆಸರಿನ ಸಾಲಿಗೆ ಅಂಟಿಕೊಂಡಂತೆ ಪಕ್ಕದಲ್ಲಿ ಇದ್ದದ್ದು ಅಲರ್ಜಿಯ ಚೌಕ. ಇಂಕು ಹರಡಿ ಅವರೇ ಹಾಕಿದ್ದ ಸರಿ ಗುರುತನ್ನು ನುಂಗಿತು.

"ಅತ್ತಿ, ಹೆಸರಿಗೆ ಯಾರರೆ ಫುಲ್‌ಸ್ಟಾಪ್ ಇಡ್ತಾರೇನ್ರೀ?" ಎಂದೆ.

"ಇಡ್ದೇ ಮತ್ತೆ? ಮುಗೀತು ಅಂತ ಹೇಳ್ಬೇಡ್ವಾ? ಹೇಳ್ದೇ ಇದ್ರೆ ಯಾರು ಬೇಕಾದ್ರೂ ಮುಂದಕ್ಕೆ ಬರ್ಕೊಂಡು ಹೋಗ್ಬಹುದು. ನಲವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳ್ಕೊಟ್ಟಿದ್ದೀನಿ."

ರಿಸೆಪ್ಷನಿಸ್ಟ್ ಫಾರಮನ್ನು ಬೆಳಕಿಗೆ ಹಿಡಿದು ನೋಡಿ, ಕಪ್ಪು ಮಚ್ಚೆ ಕಂಡು, ಬರೆದು ಹೊಡೆದು ಹಾಕಿದ್ದಾರೆ ಅಂದುಕೊಂಡಳು. "ಹಾಗಾದರೆ ಅಲರ್ಜಿ ಏನೂ ಇಲ್ಲ?" ಎಂದು ನಗುತ್ತಾ ಕೇಳಿದಳು.

ಇದೆ, ಪೆನಿಸಿಲಿನ್, ಎಂದು ಅಷ್ಟು ಜೋರಾಗಿ ಹೇಳಿದೆನೆಂದರೆ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಫಾರಂ ತಿದ್ದಿಸಿದ್ದಾಯಿತು, ಅತ್ತೆಗೆ ಕೆಮ್ಮಿನ ಔಷಧಿ ಬರೆದುಕೊಟ್ಟದ್ದೂ ಆಯಿತು. ನಾನು ಮಾತ್ರ ಆ ಚೌಕಗಳನ್ನು ಎಣಿಸುತ್ತಾ ನಿಂತಿದ್ದೆ. ಮೂವತ್ತೆರಡು. ಈ ಊರಿನಲ್ಲಿ ಮನುಷ್ಯರ ಹೆಸರಿಗೆ ಎಷ್ಟು ಜಾಗ ಸಾಕು ಎಂದು ತೀರ್ಮಾನಿಸುವವರೆಲ್ಲ ಒಂದೇ ಕಡೆ ಕಲಿತವರು.

ಸಿ ಭಾಷೆಯೂ ಹೆಸರಿನ ಕೊನೆಗೆ ಒಂದು ಚುಕ್ಕೆ ಇಡುತ್ತದೆ. ಹೆಸರು ಇಲ್ಲಿಗೆ ಮುಗಿಯಿತು ಎಂದು ತಿಳಿಸಲು ಒಂದು ಸೊನ್ನೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಚ್ಚಾಗುವುದಿಲ್ಲ, ಆದರೆ ಅದಕ್ಕೂ ಒಂದು ಮನೆ ಬೇಕು. ಮೊದಲ ವಾರದ ಪಾಠ ಅದು. ಮೂವತ್ತೆರಡು ಮನೆಯಲ್ಲಿ ಮೂವತ್ತೊಂದೇ ಅಕ್ಷರಕ್ಕೆ ಜಾಗ. ನಾನು ಮೂವತ್ತೆರಡಕ್ಕೆ ಬಾಗಿಲು ತೆರೆದಿಟ್ಟಿದ್ದೆ. ಪೆದ್ದು ಉಪಕರಣ ಸರಿಯಾಗಿಯೇ ಎಣಿಸಿತ್ತು.

ಸೋಮವಾರ ಎಲ್ಲರಿಗಿಂತ ಮುಂಚೆ ಆಫೀಸು ಸೇರಿದೆ. ಕೋಟು ಕೂಡ ತೆಗೆಯದೆ ಹೊಸ ಯಂತ್ರದಲ್ಲಿ ಅತ್ತೆಯ ಪೂರ್ತಿ ಹೆಸರು ಹಾಕಿದೆ, ಅಲರ್ಜಿ ಇದೆ ಎಂದು ಕೊಟ್ಟೆ. ಪಟ್ಟಿ ಹೊರಗೆ ಬಂತು. ಹೆಸರು ಮುತ್ತಿನ ಹಾಗೆ ಪೂರ್ತಿಯಾಗಿತ್ತು. ಹುಟ್ಟಿದ ದಿನ ಸರಿಯಿತ್ತು. ಅಲರ್ಜಿ ಎಂಬ ದಪ್ಪ ಅಕ್ಷರ ಇರಬೇಕಾದ ಜಾಗ ಬೆಳ್ಳಗಿತ್ತು. ನನ್ನ ಪ್ರೋಗ್ರಾಂ ಅಲರ್ಜಿಯ ಗುರುತನ್ನು ಮೊದಲು ಬರೆದು, ಹೆಸರನ್ನು ಕೊನೆಗೆ ಬರೆಯುತ್ತಿತ್ತು, ಥೇಟ್ ಅತ್ತೆಯ ಹಾಗೆ. ಹೆಸರಿನ ಕೊನೆಯ ಸೊನ್ನೆ ಪಕ್ಕದ ಮನೆಗೆ ಹೋಗಿ ಗುರುತನ್ನು ಅಳಿಸಿತ್ತು. ಹಳೇ ಮಾದರಿಯಲ್ಲಿ ಆ ಪಕ್ಕದ ಮನೆ ಖಾಲಿ ಇತ್ತು, ಹಾಗಾಗಿ ಒಂಬತ್ತು ವರ್ಷ ಯಾರಿಗೂ ಏನೂ ಆಗಿರಲಿಲ್ಲ, ನನಗೂ ಗೊತ್ತಾಗಿರಲಿಲ್ಲ. ಈ ಪಟ್ಟಿಯನ್ನು ಕಟ್ಟಿಕೊಂಡು ಮಲಗಿದ ಹೆಂಗಸಿಗೆ ಯಾರಾದರೂ ಪೆನಿಸಿಲಿನ್ ಕೊಟ್ಟರೆ ಅವರ ತಪ್ಪಲ್ಲ.

ಮುಂದೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಪಟ್ಟಿಯನ್ನು ಜೇಬಿಗೆ ಹಾಕಿಕೊಂಡೆ. ಕಾವಲಿನ ಸಾಲಿನಲ್ಲಿದ್ದ ಒಂದೇ ಒಂದು ಸಮ ಚಿಹ್ನೆಯನ್ನು ಅಳಿಸಿದೆ, 'ಮೂವತ್ತೆರಡರವರೆಗೆ' ಎಂದಿದ್ದದ್ದು 'ಮೂವತ್ತೆರಡಕ್ಕಿಂತ ಕಡಿಮೆ' ಎಂದಾಯಿತು. ಪಕ್ಕದ ನನ್ನ ಷರಾವನ್ನೂ ಅಳಿಸಿದೆ. ತಪ್ಪು ಹೋಯಿತು. ಗುರುವಾರ ಯಂತ್ರ ಆಸ್ಪತ್ರೆಗೆ ಹೊರಡುವುದಿತ್ತು, ಹೊರಡಲಿ. ಕೆಟಲ್ ಹಾಕಿದೆ. ಎಲ್ಲರೂ ಬಂದರು, ಯಾರಿಗೂ ಏನೂ ತಿಳಿಯಲಿಲ್ಲ. ನನ್ನ ಕೇಕಿಲ್ಲದ ಒಂಬತ್ತು ವರ್ಷಕ್ಕೆ ಏನೂ ಧಕ್ಕೆಯಾಗಲಿಲ್ಲ.

ಧಕ್ಕೆಯಾದದ್ದು ನಿದ್ದೆಗೆ ಮತ್ತು ಸಾರಿಗೆ. ಮಂಗಳವಾರ ಸಂಜೆ ಸಾರಿಗೆ ಉಪ್ಪೇ ಹಾಕಿರಲಿಲ್ಲ. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಏನಾಯ್ತೇ?" ಎಂದು ಕೇಳಿದರು. ಗಂಡ ಆಸ್ಪತ್ರೆಯಲ್ಲಿದ್ದರು. ನಾನು ಎಲ್ಲವನ್ನೂ ಹೇಳಿದೆ. ಸಿ ಅವರಿಗೆ ತಿಳಿಯದು, ಆದರೆ ಚೌಕ ತಿಳಿಯುತ್ತದೆ, ಷರಾ ಅಂತೂ ಚೆನ್ನಾಗಿ ತಿಳಿಯುತ್ತದೆ. ಒಂದನ್ನು ತಿದ್ದಿದೆ ಎಂದೆ.

"ಅರವತ್ತಮೂರಕ್ಕೆ ಸರಿಯಿದೆ ಅಂತ ಬರೆದೆ ಅಂದ್ಯಲ್ಲ. ಉಳಿದ ಅರವತ್ತೆರಡು?"

ನಾನು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದೆ.

ಅತ್ತೆ ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಅವರು ತಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜುತ್ತಾ ಕೂತರು. ಆಮೇಲೆ, "ನಾನೂ ಹಾಕಿದ್ದೀನಮ್ಮ ಕೆಂಪು ಶಾಯಿ ರುಜು, ನೋಡ್ದೇನೇ," ಎಂದರು. "ಪರೀಕ್ಷೆ ಹತ್ರ ಬಂದ್ರೆ ನಲವತ್ತು ನೋಟ್‌ಬುಕ್ಕು. ಮೊದ್ಲು ಹತ್ತು ನೋಡ್ತಿದ್ದೆ. ಆಮೇಲೆ ರೇಡಿಯೋ ಕೇಳ್ತಾ 'ನೋಡಿದೆ, ನೋಡಿದೆ' ಅಂತ ಎಳ್ಕೊಂಡು ಹೋಗ್ತಿದ್ದೆ. ಒಂದು ವರ್ಷ ಒಬ್ಳು ಹುಡುಗಿ ಲೆಕ್ಕಾನೇ ತಪ್ಪು ಕಲ್ತು ಪರೀಕ್ಷೇಲಿ ಫೇಲಾದ್ಲು. ಅವರಪ್ಪ ನೋಟ್‌ಬುಕ್ ತಂದು ತೋರಿಸಿದ್ರು. ಪ್ರತಿ ಪುಟದಲ್ಲೂ ನನ್ನ ರುಜು."

"ನೀವೇನ್ ಹೇಳಿದ್ರಿ?"

"ಮಗೂಗೆ ಗಮನ ಸಾಲ್ದು ಅಂದೆ." ಅತ್ತೆ ನೀರು ಕುಡಿದರು. "ಎಲ್ಲಾ ನೋಟ್‌ಬುಕ್ಕೂ ವಾಪಸ್ ತರಿಸಿ ನೋಡ್ಬೇಕಿತ್ತು. ನೋಡ್ಲಿಲ್ಲ. ಇನ್ನೂ ಎಷ್ಟು ಮಕ್ಕಳದ್ದು ಹಾಗಿತ್ತೋ ನಂಗಿವತ್ತಿಗೂ ಗೊತ್ತಿಲ್ಲ." ಹನ್ನೊಂದು ವರ್ಷದ ಸಂಸಾರದಲ್ಲಿ ಅತ್ತೆ ತಮ್ಮ ತಪ್ಪೊಂದನ್ನು ಹೇಳಿದ್ದು ಅದೇ ಮೊದಲು. ನನಗೆ ಅವರ ಮೇಲೆ ತುಂಬಾ ಪ್ರೀತಿ ಬಂತು. ಎದ್ದು ಅವರ ತಟ್ಟೆಗೆ ಉಪ್ಪು ಬಡಿಸಿದೆ.

ಬುಧವಾರ ಬೆಳಿಗ್ಗೆ ಜೇಬಿನ ಪಟ್ಟಿಯನ್ನು ತೆಗೆದು ಹಿರಿಯ ಸಹೋದ್ಯೋಗಿಯ ಮೇಜಿನ ಮೇಲಿಟ್ಟೆ. ಏನಾಯಿತೆಂದು ಹೇಳಿದೆ, ಗುಟ್ಟಾಗಿ ತಿದ್ದಿದ್ದನ್ನೂ ಹೇಳಿದೆ. ನಾಳೆ ಯಂತ್ರ ಕಳಿಸಬಾರದು, ನನ್ನ ಷರಾಗಳನ್ನೆಲ್ಲ ಕಿತ್ತುಹಾಕಿ ಮತ್ತೆ ನೋಡಬೇಕು, ಈ ಸಲ ನನ್ನ ಜೊತೆ ಇನ್ನೊಬ್ಬರು ಕೂರಬೇಕು ಎಂದೆ. ಆತ ಪಟ್ಟಿಯಲ್ಲಿದ್ದ ಅತ್ತೆಯ ಹೆಸರನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಎಣಿಸಿದ. ಎದ್ದು ಹೋಗಿ ಕೆಟಲ್ ಹಾಕಿದ. ಅದು ಕುದಿಯುವ ತನಕ ನಾನು ನಿಂತೇ ಇದ್ದೆ.

"ಅಂಥ ಷರಾ ನಾನೂ ಹಾಕಿದ್ದೇನೆ," ಎಂದ ಕೊನೆಗೆ. "ಎಂಬತ್ತೆಂಟು."

ಮ್ಯಾನೇಜರು ಕೂಗಾಡಿದರು. ಯಂತ್ರ ಮೂರು ವಾರ ತಡವಾಯಿತು. ಆ ಮೂರು ವಾರ ನಾವಿಬ್ಬರು ಪಕ್ಕಪಕ್ಕ ಕೂತು ಒಬ್ಬರ ಷರಾವನ್ನು ಇನ್ನೊಬ್ಬರು ಓದಿದೆವು. ಎಚ್ಚರಿಕೆಗಳಲ್ಲಿ ಹೆಚ್ಚಿನವು ಸುಳ್ಳೇ ಆಗಿದ್ದವು, ಅದನ್ನು ಒಪ್ಪಲೇಬೇಕು. ಆದರೆ ನನ್ನದರಲ್ಲಿ ಇನ್ನೊಂದು ನಿಜ ಸಿಕ್ಕಿತು, ಆತನದರಲ್ಲಿ ಎರಡು. ಆತನದರಲ್ಲಿ ಎರಡು ಸಿಕ್ಕಿದ್ದಕ್ಕೆ ನನಗೆ ಖುಷಿಯಾಯಿತು ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ.

ಮೊದಲ ಶುಕ್ರವಾರವೇ ಕೇಕಿನ ಬದಲು ಅತ್ತೆ ಮಾಡಿಕೊಟ್ಟ ಕೊಬ್ಬರಿ ಮಿಠಾಯಿ ಒಯ್ದೆ. ಯಾರೂ ಏನೂ ಅನ್ನಲಿಲ್ಲ, ಸುಮ್ಮನೆ ತಿಂದರು. ಒಬ್ಬ ಮಾತ್ರ, ಇಷ್ಟು ರುಚಿಯಾಗಿದ್ದರೆ ನೀನು ಮೊದಲಿನಿಂದಲೂ ಸ್ವಲ್ಪ ತಪ್ಪು ಮಾಡಬಹುದಿತ್ತು ಎಂದ.

ಅತ್ತೆ ವೀಸಾ ಮುಗಿಸಿಕೊಂಡು ಹೋದರು. ಎರಡು ವರ್ಷದ ಮೇಲೆ ಮತ್ತೆ ಬಂದಾಗ, ಮನೆಯ ಮುಂದಿನ ಮೆಟ್ಟಿಲ ಮೇಲೆ ಕಾಲು ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಂಬುಲೆನ್ಸಿನವರು ಕರೆದೊಯ್ದದ್ದು ಗಂಡನ ಆಸ್ಪತ್ರೆಗಲ್ಲ, ಬೇರೆಯದಕ್ಕೆ. ಆಪರೇಷನ್ ಆಗಬೇಕು ಎಂದರು. ಗಂಡ ಪ್ರತಿಯೊಬ್ಬ ಡಾಕ್ಟರನ್ನೂ ಹಿಡಿದು ಪೆನಿಸಿಲಿನ್, ಪೆನಿಸಿಲಿನ್ ಎಂದು ಹೇಳುತ್ತಾ ಓಡಾಡುತ್ತಿದ್ದರು. ಆಗ ಅವರು ಡಾಕ್ಟರ ಹಾಗೆ ಕಾಣಲಿಲ್ಲ, ಒಂಬತ್ತು ವರ್ಷದ ಮಗನ ಹಾಗೆ ಕಂಡರು. ಒಬ್ಬಳು ನರ್ಸ್ ಬಂದು ಅತ್ತೆಯ ಕೈಗೆ ಪಟ್ಟಿ ಕಟ್ಟಿದಳು. ಆ ಅಚ್ಚಿನ ಅಕ್ಷರವನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ನಮ್ಮ ಯಂತ್ರದ್ದು.

ಅತ್ತೆಯ ಕೈಯನ್ನು ತಿರುಗಿಸಿ ನೋಡಿದೆ. ಹೆಸರಿನಲ್ಲಿ ಕೊನೆಯ ಅಕ್ಷರ ಇರಲಿಲ್ಲ. ಮೂವತ್ತೊಂದಕ್ಕೆ ಕತ್ತರಿಸಿತ್ತು, ನಾನು ಹೇಳಿದ ಹಾಗೆಯೇ. ಅದರ ಕೆಳಗೆ ಕಪ್ಪಗೆ, ದಪ್ಪಗೆ, ಅಲರ್ಜಿ ಎಂದಿತ್ತು. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ.

ಅತ್ತೆ ನೋವಿನಲ್ಲೂ ಕನ್ನಡಕ ಕೇಳಿದರು. ಹಾಕಿಕೊಂಡು ತಮ್ಮ ಮಣಿಕಟ್ಟನ್ನು ಮೂಗಿನ ಹತ್ತಿರ ತಂದು ಓದಿದರು.

"ನನ್ನ ಹೆಸರಲ್ಲಿ ಒಂದಕ್ಷರ ತಿಂದಿದ್ದಾರೆ," ಎಂದರು. "ಫುಲ್‌ಸ್ಟಾಪೂ ಇಲ್ಲ."

"ಅದ ಅತ್ತಿ," ಎಂದೆ. "ಆ ಅಕ್ಷರದ ಜಾಗಾದಾಗ ಅದ. ಕಾಣಂಗಿಲ್ಲ ಅಷ್ಟ."

ಅವರು ನನ್ನನ್ನು ಒಮ್ಮೆ ನೋಡಿದರು, ಪಟ್ಟಿಯನ್ನು ಒಮ್ಮೆ ನೋಡಿದರು. ಆಮೇಲೆ ನರ್ಸಿನ ಜೇಬಿನಲ್ಲಿದ್ದ ಪೆನ್ನಿಗೆ ಕೈ ಚಾಚಿದರು.